ದೊರಾಯಾಕಿಯೋ, ಇಮಾಗಾವಾಯಾಕಿಯೋ, ತೈಯಾಕಿಯೋ: ನಿಮ್ಮ ಅಡುಗೆಮನೆಗೆ ಯಾವುದು?

ಮನೆಯಲ್ಲಿ ಮೊಟ್ಟೆ ನಡೆಯುತ್ತದಾ? ಪಡ್ಡು ಕಾವಲಿ ಇದೆಯಾ? ಒಲೆ ಗ್ಯಾಸಿನದಾ, ಇಂಡಕ್ಷನ್ನಾ?

ಹೂರಣ ತುಂಬಿದ ಜಪಾನಿ ಸಿಹಿ ಮನೆಯಲ್ಲಿ ಮಾಡಬಹುದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಈ ಮೂರು ಪ್ರಶ್ನೆ. ಈ ಜಾತಿಯ ಸಿಹಿಗಳಲ್ಲಿ ಒಳಗಿನ ಹೂರಣ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಹೊರಗಿನ ಹಿಟ್ಟು ಮತ್ತು ಅದನ್ನು ಬೇಯಿಸುವ ಕಾವಲಿ. ಅದನ್ನು ಮೊದಲೇ ಯೋಚಿಸದೆ ಕಣ್ಣಿಗೆ ಚೆಂದ ಕಂಡ ಮೊದಲ ರೆಸಿಪಿ ಹಿಡಿದು ಕೂತರೆ ಮೈದಾನೂ ಹಾಳು, ಭಾನುವಾರವೂ ಹಾಳು. ನನ್ನದು ಹಾಗೆ ಎರಡು ಭಾನುವಾರ ಹೋಗಿದೆ.

ಕೇಳುವವರು ಹೆಚ್ಚಾಗಿ ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರು. ಡೊರೇಮಾನ್ ಕಾರ್ಟೂನ್ ನೋಡುವ ಮಗು "ಡೋರಾ ಕೇಕ್ ಬೇಕು" ಅಂತ ಹಟ ಹಿಡಿದಿರುತ್ತದೆ. ನಮ್ಮ ಟಿವಿಯಲ್ಲಿ ಡೋರಾ ಕೇಕ್ ಆಗಿರುವ ಆ ತಿಂಡಿಯ ನಿಜವಾದ ಹೆಸರು ದೊರಾಯಾಕಿ. ನಮ್ಮ ಮನೆಯಲ್ಲೂ ಶುರುವಾದದ್ದು ಹಾಗೇ. ಮೊದಲ ಸಲ ಸುಮ್ನೆ ಎರಡು ಪ್ಯಾನ್‌ಕೇಕ್ ನಡುವೆ ಚಾಕೊಲೇಟ್ ಸವರಿ ಮಗಳಿಗೆ ಕೊಟ್ಟೆ. ಖುಷಿಯಾಗಿ ತಿಂದಳು. ಆಮೇಲೆ ಕಾಳಿನ ಹೂರಣ ಮಾಡಿ, ಸರಿಯಾದ ದೊರಾಯಾಕಿ ಕೊಟ್ಟಾಗ ಒಂದು ಕಚ್ಚಿ, "ಅಮ್ಮಾ, ಇದು ಹೋಳಿಗೆ ಅಲ್ವಾ?" ಅಂದಳು. ಅಷ್ಟೇನೂ ತಪ್ಪಿಲ್ಲ. ಕಾಳು ಬೇಯಿಸಿ, ಸಿಹಿ ಹಾಕಿ, ಗಟ್ಟಿಯಾಗುವವರೆಗೆ ಮಗುಚಿ, ಹಿಟ್ಟಿನೊಳಗೆ ಇಡುವುದು ನಮಗೆ ಹೊಸದಲ್ಲವಲ್ಲ.

ಮೂರರ ಪರಿಚಯ

ದೊರಾಯಾಕಿ ಅಂದರೆ ಎರಡು ಮೆತ್ತನೆಯ ಕಂದು ಬಿಲ್ಲೆ, ನಡುವೆ ಹೂರಣ. ಜಪಾನಿ ಭಾಷೆಯಲ್ಲಿ 'ದೊರಾ' ಅಂದರೆ ಜಾಗಟೆ. 'ಯಾಕಿ' ಅಂದರೆ ಸುಟ್ಟದ್ದು, ಕಾವಲಿಯಲ್ಲಿ ಬೇಯಿಸಿದ್ದು. ಬೆಂಕೇಯಿ ಅನ್ನುವ ಸನ್ಯಾಸಿ ಯೋಧ ಒಬ್ಬ ರೈತನ ಮನೆಯಲ್ಲಿ ತನ್ನ ಜಾಗಟೆ ಬಿಟ್ಟುಹೋದನಂತೆ, ರೈತ ಅದನ್ನೇ ಕಾವಲಿ ಮಾಡಿಕೊಂಡು ಹಿಟ್ಟು ಸುಟ್ಟನಂತೆ. ಇದು ಕಥೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮೊದಲು ಇದು ಒಂದೇ ಪದರದ ತಿಂಡಿಯಾಗಿತ್ತು. ಈಗ ನಾವು ನೋಡುವ ಎರಡು ಬಿಲ್ಲೆಯ ರೂಪವನ್ನು ಕೊಟ್ಟದ್ದು ತೋಕಿಯೋದ ಉಎನೋ ಭಾಗದ ಉಸಾಗಿಯಾ ಅಂಗಡಿ, 1914ರಲ್ಲಿ, ಅಂತ ಹೇಳುತ್ತಾರೆ. ಒಸಾಕಾ, ನಾರಾ ಕಡೆ ಇದನ್ನೇ 'ಮಿಕಾಸಾ' ಅನ್ನುತ್ತಾರೆ. ಅದು ನಾರಾದ ಒಂದು ಬೆಟ್ಟದ ಹೆಸರು. ಬಿಲ್ಲೆಯ ಮೇಲಿನ ಇಳಿಜಾರು ನೋಡಿದರೆ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತದೆ.

ಇಮಾಗಾವಾಯಾಕಿ ಇನ್ನೂ ಹಳೆಯದು. 1772ರಿಂದ 1781ರ ನಡುವೆ, ತೋಕಿಯೋ ಇನ್ನೂ ಎದೋ ಆಗಿದ್ದಾಗ, ಕಾಂದಾದ ಇಮಾಗಾವಾ ಸೇತುವೆಯ ಹತ್ತಿರ ಮಾರುತ್ತಿದ್ದುದರಿಂದ ಆ ಹೆಸರು. ದಪ್ಪ, ದುಂಡು, ಚಿಕ್ಕ ಡಬ್ಬಿಯ ಹಾಗಿರುತ್ತದೆ. ಹೂರಣ ಒಳಗೆ ಪೂರ್ತಿ ಮುಚ್ಚಿಹೋಗಿರುತ್ತದೆ. ಇದಕ್ಕೆ ಊರಿಗೊಂದು ಹೆಸರು: ಓಬಾನ್‌ಯಾಕಿ, ಕೈತೆನ್‌ಯಾಕಿ, ಹಿಮೇಜಿ ಕಡೆ ಗೋಜಾಸೋರೋ. ನಮ್ಮಲ್ಲಿ ಪಡ್ಡು, ಗುಳಿಯಪ್ಪ, ಗುಂಡುಪೊಂಗಲು ಅಂತ ಜಗಳವಾಡುತ್ತೇವಲ್ಲ, ಅವರೂ ಹಾಗೇ ಈ ಹೆಸರಿಗೆ ಜಗಳವಾಡುತ್ತಾರೆ. ಜಪಾನಿನ ಆಳ್ವಿಕೆಯ ಕಾಲದಲ್ಲಿ ತೈವಾನಿಗೆ ಹೋಗಿ, ಅಲ್ಲಿ ಗಾಡಿಚಕ್ರದ ಹೆಸರು ಪಡೆದು ಈಗಲೂ ರಸ್ತೆಬದಿಯ ತಿಂಡಿಯಾಗಿ ಉಳಿದಿದೆ.

ತೈಯಾಕಿ ಮೀನಿನ ಆಕಾರದ್ದು. ಹೆದರಬೇಡಿ, ಒಳಗೆ ಮೀನಿಲ್ಲ. 'ತೈ' ಅನ್ನುವ ಮೀನು ಜಪಾನಿನಲ್ಲಿ ಶುಭಕಾರ್ಯದ ಊಟಕ್ಕೆ ಇರಲೇಬೇಕಾದದ್ದು. 'ಮೆದೆತೈ' ಅಂದರೆ ಶುಭ. ಆ ಮಾತಿನ ಬಾಲದಲ್ಲೇ ತೈ ಇದೆ. ಅಸಲಿ ಮೀನು ದುಬಾರಿ, ಹಿಟ್ಟಿನ ಮೀನು ಅಗ್ಗ. ತೋಕಿಯೋದ ಅಜಾಬು ಜೂಬಾನ್‌ನಲ್ಲಿರುವ ನಾನಿವಾಯಾ ಅಂಗಡಿ 1909ರಲ್ಲಿ ಶುರುವಾದದ್ದು. ತೈಯಾಕಿ ಹುಟ್ಟಿದ್ದು ಅಲ್ಲೇ ಅಂತ ಹೆಚ್ಚಿನವರು ಹೇಳುತ್ತಾರೆ.

ಮೊದಲ ಪ್ರಶ್ನೆ: ಮೊಟ್ಟೆ

ಮೊಟ್ಟೆ ತಿನ್ನದ ಮನೆಯಾದರೆ ದೊರಾಯಾಕಿಯನ್ನು ಬಿಟ್ಟುಬಿಡಿ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ದೊರಾಯಾಕಿಯ ಹಿಟ್ಟಿಗೆ ಅಲ್ಲಿನ ಸಿಹಿ ಮಾಡುವವರು ಒಂದು ಲೆಕ್ಕ ಹೇಳುತ್ತಾರೆ, 'ಸಾಂದೋವಾರಿ' ಅಂತ. ಮೊಟ್ಟೆ, ಸಕ್ಕರೆ, ಮೈದಾ ಮೂರೂ ಸಮತೂಕ. ಅಂದರೆ ಹಿಟ್ಟಿನ ಮೂರರಲ್ಲಿ ಒಂದು ಪಾಲು ಮೊಟ್ಟೆಯೇ. 16ನೇ ಶತಮಾನದಲ್ಲಿ ಪೋರ್ಚುಗೀಸರು ನಾಗಾಸಾಕಿಗೆ ತಂದ ಕೇಕಿನಿಂದ ಜಪಾನಿನ 'ಕಸುತೆರಾ' ಹುಟ್ಟಿತು. ದೊರಾಯಾಕಿಯ ರುಚಿಯೂ ಅದೇ ಮನೆತನದ್ದು. ಮೊಟ್ಟೆ ತೆಗೆದರೆ ಏನು ಉಳಿಯುತ್ತದೆ ಹೇಳಿ. ನಾನು ಮೊಸರು ಹಾಕಿ ನೋಡಿದೆ, ಬಾಳೆಹಣ್ಣು ಹಾಕಿ ನೋಡಿದೆ, ಕಂಡೆನ್ಸ್‌ಡ್ ಮಿಲ್ಕ್ ಹಾಕಿಯೂ ನೋಡಿದೆ. ಮೊಸರಿನದು ಸಿಹಿ ಸೆಟ್ ದೋಸೆ ಆಯಿತು. ಬಾಳೆಹಣ್ಣಿನದು ಮಂಗಳೂರು ಬನ್ಸಿನ ನೆಂಟ ಆಯಿತು. ಕಂಡೆನ್ಸ್‌ಡ್ ಮಿಲ್ಕಿನದು ಪರವಾಗಿಲ್ಲ, ಆದರೆ ಮಾರನೇ ದಿನಕ್ಕೆ ರಬ್ಬರು. ತಿನ್ನಲು ಯಾವುದೂ ಕೆಟ್ಟದ್ದೇನಲ್ಲ. ದೊರಾಯಾಕಿ ಮಾತ್ರ ಯಾವುದೂ ಆಗಲಿಲ್ಲ.

ಇಮಾಗಾವಾಯಾಕಿ ಮತ್ತು ತೈಯಾಕಿಯ ಹಿಟ್ಟು ಬೇರೆ ಥರ. ಅದರಲ್ಲಿ ಹಾಲು ಅಥವಾ ನೀರು ಜಾಸ್ತಿ, ಸಕ್ಕರೆ ಕಡಿಮೆ, ಮೊಟ್ಟೆ ಒಂದೋ ಅರ್ಧವೋ. ಆ ಒಂದನ್ನು ತೆಗೆದರೂ ತಿಂಡಿ ಕುಸಿಯುವುದಿಲ್ಲ. ಅಚ್ಚು ಅದನ್ನು ಹಿಡಿದುಕೊಂಡಿರುತ್ತದೆ. ಹಾಗಾಗಿ ಮೊಟ್ಟೆ ಬೇಡ ಅನ್ನುವವರಿಗೆ ನನ್ನ ಸಲಹೆ ಕಣ್ಣುಮುಚ್ಚಿ ಇಮಾಗಾವಾಯಾಕಿ.

ಎರಡನೆಯದು: ಕಾವಲಿ

ಮೊಟ್ಟೆ ನಡೆಯುತ್ತದೆ ಅಂದಮೇಲೆ ದೊರಾಯಾಕಿಯೇ ಸುಲಭ. ಅಚ್ಚು ಬೇಡ. ಒಂದು ಒಳ್ಳೆಯ ನಾನ್‌ಸ್ಟಿಕ್ ತವಾ ಸಾಕು, ಇಂಡಕ್ಷನ್ ಆದರೂ ನಡೆಯುತ್ತದೆ. ಎಲ್ಲರೂ ಮಾಡುವ ತಪ್ಪು ದೋಸೆ ಕಾವಲಿ ಹಿಡಿಯುವುದು. ನಾನೂ ಮಾಡಿದ್ದೆ. ಅಜ್ಜಿಯ ಕಾಲದ ಕಬ್ಬಿಣದ ಕಾವಲಿ, ಎಣ್ಣೆ ಕುಡಿದು ಕುಡಿದು ಕನ್ನಡಿ ಥರ ಆಗಿದೆ, ಇದಕ್ಕಿಂತ ಬೇಕಾ ಅಂದುಕೊಂಡೆ. ಬಿಲ್ಲೆಗೆ ಮೆಂತ್ಯದ ಘಮ ಬಂತು. ಬಣ್ಣವೂ ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಬಿಳಿ.

ದೊರಾಯಾಕಿಯ ಅಂದ ಇರುವುದು ಮೇಲಿನ ಒಂದೇ ಸಮನಾದ ಕಂದು ಬಣ್ಣದಲ್ಲಿ. ಎಣ್ಣೆ ಇದ್ದಲ್ಲಿ ಹಿಟ್ಟು ಚುಕ್ಕೆ ಚುಕ್ಕೆಯಾಗಿ ಕೆಂಪಾಗುತ್ತದೆ. ಆದ್ದರಿಂದ ತವಾಕ್ಕೆ ಒಂದೆರಡು ಹನಿ ಎಣ್ಣೆ ಸವರಿ, ಆಮೇಲೆ ಬಟ್ಟೆಯಲ್ಲಿ ಪೂರ್ತಿ ಒರೆಸಿಬಿಡಬೇಕು. ದೋಸೆಗೆ ಒಗ್ಗಿದ ಕೈಗೆ ಇದು ಕಷ್ಟ, ತಾನೇ ತಾನಾಗಿ ಎಣ್ಣೆಯ ಕಡೆ ಹೋಗುತ್ತದೆ. ತಡೆಯಿರಿ. ಚುಕ್ಕೆ ಬಂದರೂ ಬೇಸರ ಬೇಡ. ಜಪಾನಿನಲ್ಲಿ ಬೇಕಂತಲೇ ಪಟ್ಟೆ ಬರಿಸಿ ಮಾರುವ ಒಂದು ಬಗೆ ಇದೆ, 'ತೊರಾಯಾಕಿ' ಅಂತ. 'ತೊರಾ' ಅಂದರೆ ಹುಲಿ. ಮನೆಗೆ ಬಂದವರಿಗೆ ನಾನೂ ಹಾಗೇ ಹೇಳಿ ದಾಟಿಸಿದ್ದೇನೆ.

ಇಮಾಗಾವಾಯಾಕಿಗೆ ಅಸಲಿ ಅಚ್ಚು ಅಂದರೆ ಚಪ್ಪಟೆ ತಳದ, ಆಳವಾದ ದುಂಡು ಗುಳಿಗಳ ಭಾರದ ಕಬ್ಬಿಣ ಅಥವಾ ತಾಮ್ರದ ಫಲಕ. ಅದು ಅಂಗಡಿಗೆ. ನಮಗೆ ಪಡ್ಡು ಕಾವಲಿ ಇದೆ. ಅಲ್ಲಿ ಅಂಗಡಿಯವರು ಏನು ಮಾಡುತ್ತಾರೆ ಅಂದರೆ, ಎಲ್ಲ ಗುಳಿಗೂ ಹಿಟ್ಟು ಹಾಕಿ, ಅರ್ಧ ಗುಳಿಗಳಿಗೆ ಮಾತ್ರ ಹೂರಣ ಇಡುತ್ತಾರೆ. ಇನ್ನರ್ಧ ಬೆಂದ ಮೇಲೆ ಅದನ್ನು ಎತ್ತಿ ಹೂರಣದ ಮೇಲೆ ಮಗುಚುತ್ತಾರೆ. ಎರಡೂ ಅಂಟಿಕೊಂಡು ಒಂದಾಗುತ್ತವೆ. ಪಡ್ಡು ಕಾವಲಿಯಲ್ಲಿ ಇದನ್ನೇ ಮಾಡಿದರೆ ಲಿಂಬೆಹಣ್ಣಿನ ಗಾತ್ರದ ಗುಂಡಗಿನ ಇಮಾಗಾವಾಯಾಕಿ ಸಿಗುತ್ತದೆ. ಚಪ್ಪಟೆ ತಳ ಇರುವುದಿಲ್ಲ, ಒಪ್ಪಿದೆ. ಆದರೆ ಕಚ್ಚಿದಾಗ ಸಿಗುವ ತೆಳು ಗರಿ ಹೊರಪದರ, ಒಳಗಿನ ಬಿಸಿ ಹೂರಣ ಎರಡೂ ಸರಿಯಾಗಿ ಬರುತ್ತವೆ. ಒಂದು ಮಾತು: ಬೆಳಿಗ್ಗೆ ಈರುಳ್ಳಿ ಪಡ್ಡು ಮಾಡಿದ ಕಾವಲಿ ಸಂಜೆ ಇದಕ್ಕೆ ಬೇಡ. ಇಂಡಕ್ಷನ್ ಒಲೆಯಿದ್ದರೆ ಪಡ್ಡು ಕಾವಲಿಯ ತಳಕ್ಕೆ ಅಯಸ್ಕಾಂತ ಅಂಟುತ್ತದಾ ನೋಡಿಕೊಳ್ಳಿ. ಅಲ್ಯೂಮಿನಿಯಮ್ಮಿನದು ಬಿಸಿಯಾಗುವುದಿಲ್ಲ.

ತೈಯಾಕಿಗೆ ಮಾತ್ರ ಅಚ್ಚು ಕೊಳ್ಳಲೇಬೇಕು. ಕೀಲು ಇರುವ ಜೋಡಿ ಅಚ್ಚು, ಒಂದಕ್ಕೊಂದು ಮುಚ್ಚಿ ಒಲೆಯ ಮೇಲೆ ತಿರುಗಿಸುವಂಥದ್ದು. ಒಂದು ಮೋಜಿನ ವಿಷಯ: ಒಂದೊಂದೇ ಮೀನನ್ನು ಪ್ರತ್ಯೇಕ ಅಚ್ಚಿನಲ್ಲಿ ಸುಟ್ಟರೆ ಜಪಾನಿನವರು ಅದಕ್ಕೆ 'ಕಾಡುಮೀನು' ಅನ್ನುತ್ತಾರೆ, ಅಂದರೆ ತಾನಾಗಿ ಬೆಳೆದದ್ದು. ಒಂದೇ ಫಲಕದಲ್ಲಿ ಹಲವನ್ನು ಒಟ್ಟಿಗೆ ಸುಟ್ಟರೆ 'ಸಾಕಿದ ಮೀನು'. ಕಾಡುಮೀನಿನ ಹೊರಪದರ ತೆಳು, ಗರಿಗರಿ. ಮನೆಯ ಅಚ್ಚಿನಲ್ಲಿ ನಾವು ಒಂದೆರಡೇ ಸುಡುವುದರಿಂದ ನಮ್ಮದು ಕಾಡುಮೀನೇ ಅಂತ ಬೀಗಬಹುದು.

ಆದರೆ ವರ್ಷಕ್ಕೆ ಮೂರು ಸಲ ಮಾಡುವ ತಿಂಡಿಗೆ ಒಂದು ಅಚ್ಚು ತಂದು ಶೆಲ್ಫಿನಲ್ಲಿ ಇಡುವುದು ನನಗೆ ದಂಡ ಅನ್ನಿಸುತ್ತದೆ. ಅದರ ಬದಲು ಹಳೆಯ ಗ್ಯಾಸ್ ಟೋಸ್ಟರ್ ಇದೆಯಾ ಹುಡುಕಿ. ಉದ್ದ ಹಿಡಿಯ, ಬ್ರೆಡ್ ಇಟ್ಟು ಮುಚ್ಚಿ ಉರಿಯ ಮೇಲೆ ಹಿಡಿಯುವ ಟೋಸ್ಟರ್. ಕೆಲಸ ಮಾಡುವ ರೀತಿ ಒಂದೇ. ಎರಡು ಕಡೆ ಬೆಣ್ಣೆ ಸವರಿ, ಹಿಟ್ಟು ಹಾಕಿ, ಹೂರಣ ಇಟ್ಟು, ಮೇಲೆ ಮತ್ತೆ ಹಿಟ್ಟು ಹಾಕಿ ಮುಚ್ಚಿದರೆ ಚೌಕದ ತೈಯಾಕಿ ಸಿದ್ಧ. ಮೀನಿನ ಆಕಾರವೇ ಬೇಕು ಅಂತ ಮಕ್ಕಳು ಕೂತರೆ ಅದು ನಿಮ್ಮ ಹಣೆಬರಹ.

ಹೂರಣ: ಇಲ್ಲೇ ಇದೆ ಅಸಲಿ ಕೆಲಸ

ಜಪಾನಿನ ಈ ಕಾಳಿನ ಹೂರಣಕ್ಕೆ 'ಅಂಕೊ' ಅನ್ನುತ್ತಾರೆ. ಕಾಳು ಅಜುಕಿ. ಕೆಂಪಗಿನ, ಚಿಕ್ಕ ಕಾಳು. ಜಪಾನಿನಲ್ಲಿ ಅದನ್ನು ಹೆಚ್ಚಾಗಿ ಬೆಳೆಯುವುದು ಉತ್ತರದ ಹೊಕ್ಕಾಯ್ದೋದಲ್ಲಿ, ಅದರಲ್ಲೂ ತೊಕಾಚಿ ಸೀಮೆಗೆ ದೊಡ್ಡ ಹೆಸರು. ನಮ್ಮಲ್ಲಿ ಆನ್‌ಲೈನಿನಲ್ಲಿ, ದೊಡ್ಡ ಊರುಗಳ ಕೆಲವು ಸಾವಯವ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಅಜುಕಿ ಅಂತ ಕೆಂಪು ಅಲಸಂದೆ ಕೊಟ್ಟುಬಿಡುವುದೂ ಉಂಟು. ಕಾಳಿನ ಬಾಯಿ ನೋಡಿ. ಅಜುಕಿಗೆ ಉದ್ದನೆಯ ಬಿಳಿ ಗೆರೆ ಇರುತ್ತದೆ, ಅಷ್ಟೇ. ಅಲಸಂದೆಗೆ ಆ ಬಿಳಿಯ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಉಂಗುರ ಇರುತ್ತದೆ.

ಅಜುಕಿ ಸಿಗದಿದ್ದರೆ ಕೆಂಪು ಅಲಸಂದೆಯೇ ಒಳ್ಳೆಯ ಬದಲಿ. ಇದು ನನ್ನ ಕಲ್ಪನೆಯ ಜೋಡಿಯಲ್ಲ. ಜಪಾನಿನಲ್ಲಿ ಶುಭದಿನಕ್ಕೆ 'ಸೆಕಿಹಾನ್' ಅಂತ ಕೆಂಪು ಅನ್ನ ಮಾಡುತ್ತಾರೆ. ತೋಕಿಯೋ ಸುತ್ತಮುತ್ತ ಅದಕ್ಕೆ ಅಜುಕಿ ಬದಲು 'ಸಸಾಗೆ' ಹಾಕುವ ರೂಢಿ ಇದೆ. ಸಸಾಗೆ ಅಂದರೆ ಅಲಸಂದೆ ಜಾತಿಯದೇ ಕಾಳು. ಬೇಯುವಾಗ ಅಜುಕಿಯ ಹೊಟ್ಟೆ ಸೀಳುತ್ತದೆ, ಸಮುರಾಯಿಗಳ ಊರಲ್ಲಿ ಹೊಟ್ಟೆ ಸೀಳುವುದು ಅಪಶಕುನ, ಅದಕ್ಕೇ ಸಸಾಗೆ ಅಂತ ಹೇಳುತ್ತಾರೆ. ನಮ್ಮ ಕೆಲಸಕ್ಕೆ ಇದರಿಂದ ತಿಳಿಯುವುದು ಇಷ್ಟು: ಅಲಸಂದೆಯ ಸಿಪ್ಪೆ ಗಟ್ಟಿ, ಸುಲಭಕ್ಕೆ ಒಡೆಯುವುದಿಲ್ಲ. ಹಾಗಾಗಿ ಅದನ್ನು 4–5 ಗಂಟೆ ನೆನೆಸಿ, ಬೆಂದ ಮೇಲೆ ಚೆನ್ನಾಗಿ ಮಸೆಯಬೇಕು. ಅಜುಕಿಗೆ ನೆನೆಸುವ ಅಗತ್ಯವಿಲ್ಲ.

ಅಂಕೊ ಎರಡು ಮುಖ್ಯ ಬಗೆ. ಕಾಳು ಕಾಳಾಗಿ ಉಳಿದರೆ 'ತ್ಸುಬುಆನ್'. ಬೆಂದ ಕಾಳನ್ನು ಜರಡಿಗೆ ಹಾಕಿ, ಸಿಪ್ಪೆ ತೆಗೆದು, ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಹಿಂಡಿ ನಯ ಮಾಡಿದರೆ 'ಕೊಶಿಆನ್'. ಎರಡನೆಯದು ಬೆಣ್ಣೆಯ ಹಾಗೆ ನಾಲಿಗೆ ಮೇಲೆ ಕರಗುತ್ತದೆ, ಸುಳ್ಳಲ್ಲ. ಆದರೆ ಅರ್ಧ ದಿನದ ಕೆಲಸ, ಮತ್ತೆ ಸಿಂಕ್ ತುಂಬ ಪಾತ್ರೆ. ಈ ಮೂರು ತಿಂಡಿಗೂ ಹೆಚ್ಚಾಗಿ ಹಾಕುವುದು ತ್ಸುಬುಆನ್ ಆದ್ದರಿಂದ ಕೊಶಿಆನ್‌ಗೆ ಒದ್ದಾಡಬೇಡಿ. ಬಿಳಿ ಕಾಳಿನ 'ಶಿರೋಆನ್' ಕೂಡ ಇದೆ. ಬಿಳಿ ರಾಜ್ಮಾದಲ್ಲಿ ಮಾಡಬಹುದು, ಆದರೆ ರಾಜ್ಮಾವನ್ನು ಅರೆಬೆಂದ ಹಾಗೆ ಬಿಡಬಾರದು, ಹೊಟ್ಟೆ ಕೆಡುತ್ತದೆ.

ನಮ್ಮ ಕಡಲೆಬೇಳೆ ಹೂರಣ ಹಾಕಿದರೆ ಹೇಗೆ? ಎಲ್ಲರೂ ಕೇಳುತ್ತಾರೆ. ದೊರಾಯಾಕಿಗೆ ಬೇಡ. ಬಿಲ್ಲೆಯಲ್ಲೇ ಜೇನು, ಮೊಟ್ಟೆಯ ಘಮ ಇರುತ್ತದೆ. ಅದರ ಜೊತೆ ಬೆಲ್ಲ, ಏಲಕ್ಕಿ ಸೇರಿದರೆ ಎರಡೂ ಕಾದಾಡುತ್ತವೆ. ಹೂರಣವೂ ಒಣಗಿದ ಹಾಗಾಗಿ ತಿನ್ನುವಾಗ ಉದುರುತ್ತದೆ. ಪಡ್ಡು ಕಾವಲಿಯ ಇಮಾಗಾವಾಯಾಕಿಗೆ ಮಾತ್ರ ಹೋಳಿಗೆ ಹೂರಣ ತುಂಬ ಚೆನ್ನಾಗಿ ಹೊಂದುತ್ತದೆ. ಯುಗಾದಿಯ ಮಾರನೇ ದಿನ ಉಳಿದ ಹೂರಣ ಹೀಗೇ ಖಾಲಿ ಮಾಡಿದ್ದೆ. ನಮ್ಮತ್ತೆ ಅದನ್ನು ಸುಕ್ರುಂಡೆ ಅಂತಲೇ ತಿಂದರು, ಎಣ್ಣೆ ಕುಡಿದಿಲ್ಲ ಅಂತ ಮೆಚ್ಚಿಕೊಂಡರು.

ಅಂಕೊ ಮಾಡುವುದು ಹೀಗೆ. 200 ಗ್ರಾಂ ಕಾಳು ತೊಳೆದು, ಮುಳುಗುವಷ್ಟು ನೀರು ಹಾಕಿ ಒಂದು ಕುದಿ ಬರಿಸಿ. ಆ ನೀರನ್ನು ಪೂರ್ತಿ ಚೆಲ್ಲಿ. ಒಗರು ಅದರಲ್ಲೇ ಹೋಗುತ್ತದೆ. ಹೊಸ ನೀರು ಹಾಕಿ ಕುಕ್ಕರಿನಲ್ಲಿ 5–6 ಕೂಗು ಕೂಗಿಸಿ. ಅಲಸಂದೆಗೆ 4 ಸಾಕು. ಒಂದು ಕಾಳನ್ನು ಹೆಬ್ಬೆರಳು, ಕಿರುಬೆರಳ ನಡುವೆ ಇಟ್ಟು ಒತ್ತಿ. ಶಕ್ತಿಯೇ ಇಲ್ಲದ ಆ ಕಿರುಬೆರಳಿಗೂ ಅದು ನುಣ್ಣಗೆ ಒಡೆದರೆ ಬೆಂದಿದೆ. ಇಲ್ಲಿ ಅವಸರ ಮಾಡಬೇಡಿ. ಸಕ್ಕರೆ ಬಿದ್ದ ಮೇಲೆ ಕಾಳು ಮತ್ತೆ ಮೆತ್ತಗಾಗುವುದಿಲ್ಲ, ಸಿಪ್ಪೆ ಬಿಗಿದುಕೊಳ್ಳುತ್ತದೆ. ಬೇಳೆ ಬೇಯುವ ಮುಂಚೆ ಬೆಲ್ಲ ಹಾಕಬಾರದು ಅಂತ ಹೋಳಿಗೆ ಮಾಡುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದೇ ಇದು.

ಜಾಸ್ತಿ ನೀರು ಬಸಿದು, 180 ಗ್ರಾಂ ಸಕ್ಕರೆಯನ್ನು ಎರಡು ಮೂರು ಸಲ ಹಾಕಿ, ಚಿಟಿಕೆ ಉಪ್ಪು ಸೇರಿಸಿ ದಪ್ಪ ತಳದ ಬಾಣಲೆಯಲ್ಲಿ ಮಗುಚಿ. ಸಕ್ಕರೆ ಕಮ್ಮಿ ಮಾಡೋಣ ಅಂತ ಕೈ ಹಿಡಿಯುತ್ತದೆ, ಅಲ್ವಾ? 150 ಗ್ರಾಂವರೆಗೆ ಇಳಿಸಬಹುದು. ಅದಕ್ಕಿಂತ ಇಳಿಸಿದರೆ ಹೊಳಪು ಬರುವುದಿಲ್ಲ, ಬೇಗ ಹಳಸುತ್ತದೆ. ಸೌಟಿನಿಂದ ತಳದಲ್ಲಿ ಗೆರೆ ಎಳೆದಾಗ ಒಂದು ಕ್ಷಣ ಪಾತ್ರೆಯ ತಳ ಕಂಡರೆ ಇಳಿಸಿಬಿಡಿ. ಇನ್ನೂ ಸಡಿಲ ಇದೆ ಅನ್ನಿಸುತ್ತದೆ, ತಣಿದಾಗ ಗಟ್ಟಿಯಾಗುತ್ತದೆ. ದೊರಾಯಾಕಿಗೆ ಸ್ವಲ್ಪ ಮೆತ್ತಗಿರಲಿ. ಇಮಾಗಾವಾಯಾಕಿ, ತೈಯಾಕಿಗಾದರೆ ಇನ್ನೆರಡು ನಿಮಿಷ ಮಗುಚಿ. ನೀರಿನಂಶ ಇದ್ದರೆ ಅಚ್ಚಿನಿಂದ ಹೊರಗೆ ಸೋರಿ ಅಲ್ಲೇ ಕರಕಲಾಗುತ್ತದೆ. ಸುಮಾರು 500 ಗ್ರಾಂ ಅಂಕೊ ಆಗುತ್ತದೆ. ಬೆಲ್ಲ ಹಾಕಿದರೆ? ತಿನ್ನಲು ರುಚಿ, ಆದರೆ ಕಾಳಿನ ಘಮ ಬೆಲ್ಲದ ಕೆಳಗೆ ಮುಚ್ಚಿಹೋಗುತ್ತದೆ.

ದೊರಾಯಾಕಿಯ ಹಿಟ್ಟು, ಅದರ ತಕರಾರುಗಳು

ಸಮತೂಕ ಅಂದೆನಲ್ಲ, ಅದನ್ನು ಮೊಟ್ಟೆಯಿಂದ ಶುರುಮಾಡಿ. 2 ಮೊಟ್ಟೆ ಒಡೆದು ತೂಗಿ. ರೆಸಿಪಿಗಳಲ್ಲಿ 100 ಗ್ರಾಂ ಅಂತ ಇರುತ್ತದೆ, ನಮ್ಮ ಮೊಟ್ಟೆ ಚಿಕ್ಕದು, 90 ಗ್ರಾಂ ಬಂದರೆ ಸಕ್ಕರೆ 90, ಮೈದಾ 90. ಮೊಟ್ಟೆ, ಸಕ್ಕರೆ, 1 ದೊಡ್ಡ ಚಮಚ ಜೇನು ಸೇರಿಸಿ, ಬಣ್ಣ ತಿಳಿಯಾಗುವವರೆಗೆ ಕಡೆಯಿರಿ. ಅಡುಗೆ ಸೋಡಾ ಅರ್ಧ ಟೀ ಚಮಚವನ್ನು 1 ದೊಡ್ಡ ಚಮಚ ನೀರಲ್ಲಿ ಕರಗಿಸಿ ಹಾಕಿ. ಮೈದಾ ಜರಡಿ ಹಿಡಿದು ಸೇರಿಸಿ. ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಗಟ್ಟಿ ಅನ್ನಿಸಿದರೆ ಒಂದೆರಡು ಚಮಚ ನೀರು. ಸೌಟಿನಿಂದ ಸುರಿದಾಗ ರಿಬ್ಬನ್ನಿನಂತೆ ಇಳಿಯಬೇಕು.

ಸೋಡಾ ಬದಲು ಬೇಕಿಂಗ್ ಪೌಡರ್ ಹಾಕಬಹುದಾ? ಹಾಕಬಹುದು, ಆದರೆ ತಿಂಡಿ ಬೇರೆಯಾಗುತ್ತದೆ. ಬೇಕಿಂಗ್ ಪೌಡರ್ ಹಿಟ್ಟನ್ನು ಮೇಲಕ್ಕೆ ಉಬ್ಬಿಸುತ್ತದೆ, ಸೋಡಾ ಅಗಲಕ್ಕೆ ಹರಡಿಸುತ್ತದೆ. ಸೋಡಾ ಕ್ಷಾರ, ಅದರಿಂದ ಕಂದು ಬಣ್ಣವೂ ಬೇಗ ಬರುತ್ತದೆ. ಅಂಗಡಿಯ ದೊರಾಯಾಕಿಯ ಆ ಗಾಢ ಬಣ್ಣ, ಸಣ್ಣ ಕಹಿಯ ಅಂಚು ಸೋಡಾದ್ದೇ. ದೊರಾಯಾಕಿಗೆ ಸೋಡಾ, ಇಮಾಗಾವಾಯಾಕಿಗೆ ಬೇಕಿಂಗ್ ಪೌಡರ್, ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಜೇನು ಬಿಡಬೇಡಿ. ಅದು ನೀರಿನಂಶ ಹಿಡಿದಿಡುತ್ತದೆ, ಮಾರನೇ ದಿನವೂ ಬಿಲ್ಲೆ ಮೆತ್ತಗಿರುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಸೇರಿದ್ದು ಕೊಡಬಾರದು. ಜಪಾನಿ ರೆಸಿಪಿಗಳು ಮಿರಿನ್ ಅಂತ ಒಂದು ಅಕ್ಕಿಯ ಸಿಹಿ ದ್ರವವನ್ನೂ ಹೇಳುತ್ತವೆ. ಅಸಲಿ ಮಿರಿನ್‌ನಲ್ಲಿ ಸುಮಾರು 14% ಆಲ್ಕೋಹಾಲ್ ಇರುತ್ತದೆ. ಒಂದು ಚಮಚಕ್ಕೋಸ್ಕರ ಬಾಟಲಿ ತರುವ ಅಗತ್ಯ ನನಗೆ ಕಂಡಿಲ್ಲ.

ತವಾ ಸಣ್ಣ ಉರಿಯಲ್ಲಿ ಚೆನ್ನಾಗಿ ಕಾಯಲಿ. ಒದ್ದೆ ಬಟ್ಟೆಯ ಮೇಲೆ ಒಂದು ಕ್ಷಣ ಇಟ್ಟು, 'ಚುಯ್' ಅಂದ ಮೇಲೆ ಮತ್ತೆ ಒಲೆಗೆ. ಹೀಗೆ ಮಾಡಿದರೆ ಬಿಸಿ ಎಲ್ಲ ಕಡೆ ಸಮ ಆಗುತ್ತದೆ. ಸ್ವಲ್ಪ ಎತ್ತರದಿಂದ ಒಂದೇ ಜಾಗಕ್ಕೆ ಹಿಟ್ಟು ಸುರಿಯಿರಿ, ತಾನೇ ದುಂಡಗೆ ಹರಡುತ್ತದೆ. ದೋಸೆಯ ಹಾಗೆ ಸೌಟಿನಲ್ಲಿ ತಿರುವಬೇಡಿ. ಮೇಲೆ ಗುಳ್ಳೆ ಬಂದು ಒಂದೆರಡು ಒಡೆಯುವಾಗ ಮಗುಚಿ. ಎರಡನೇ ಬದಿಗೆ ಅರ್ಧ ನಿಮಿಷ ಸಾಕು, ಅದು ತೆಳ್ಳಗೆ ಬಿಳಿಯಾಗಿಯೇ ಇರಬೇಕು. 12 ಬಿಲ್ಲೆ ಬರುತ್ತವೆ, ಅಂದರೆ 6 ದೊರಾಯಾಕಿ. ತೆಗೆದ ತಕ್ಷಣ ಒದ್ದೆ ಬಟ್ಟೆ ಮುಚ್ಚಿಡಿ.

ಬೆಚ್ಚಗಿರುವಾಗಲೇ ಒಂದಕ್ಕೆ 30–35 ಗ್ರಾಂ ಅಂಕೊ, ಮಧ್ಯಕ್ಕೆ ದಪ್ಪ, ಅಂಚಿಗೆ ತೆಳು. ಇನ್ನೊಂದು ಬಿಲ್ಲೆ ಮುಚ್ಚಿ, ಅಂಚು ಒತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡಿ. ತಕ್ಷಣ ತಿಂದರೆ ಪರವಾಗಿಲ್ಲ ಅನ್ನಿಸುತ್ತದೆ. ಮಾರನೇ ದಿನ ಬಿಲ್ಲೆ ಮತ್ತು ಹೂರಣ ಒಂದಾಗಿ, ಬೇರೆಯೇ ತಿಂಡಿಯಾಗಿರುತ್ತದೆ.

ಇನ್ನೆರಡರ ಹಿಟ್ಟು

ಇದು ಬೇಗ ಮುಗಿಯುತ್ತದೆ. ಇಮಾಗಾವಾಯಾಕಿಗೆ 150 ಗ್ರಾಂ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, 30 ಗ್ರಾಂ ಸಕ್ಕರೆ, 1 ಮೊಟ್ಟೆ, 180 ಮಿ.ಲೀ. ಹಾಲು. ಮೊಟ್ಟೆ ಬೇಡವಾದರೆ ಹಾಲು 220 ಮಿ.ಲೀ. ಮಾಡಿ, 1 ದೊಡ್ಡ ಚಮಚ ಎಣ್ಣೆ, 1 ದೊಡ್ಡ ಚಮಚ ಕಾರ್ನ್‌ಫ್ಲೋರ್ ಸೇರಿಸಿ. ಇಡ್ಲಿ ಹಿಟ್ಟಿಗಿಂತ ತೆಳು, ದೋಸೆ ಹಿಟ್ಟಿಗಿಂತ ಚೂರು ಗಟ್ಟಿ. ಪಡ್ಡು ಕಾವಲಿಯ ಗುಳಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿ. ಇಲ್ಲಿ ಎಣ್ಣೆ, ಬೆಣ್ಣೆ ಧಾರಾಳ ಇರಲಿ. ಹೂರಣದ ಉಂಡೆ ಗೋಲಿಯಷ್ಟೇ ಇರಬೇಕು, ಆಸೆಗೆ ದೊಡ್ಡದು ಇಟ್ಟರೆ ಎರಡು ಅರ್ಧ ಕೂಡುವುದಿಲ್ಲ.

ತೈಯಾಕಿಗೆ ಅದೇ ಹಿಟ್ಟು ನಡೆಯುತ್ತದೆ. ಗರಿಗರಿ ಬೇಕಿದ್ದರೆ ಹಾಲಿನ ಬದಲು ನೀರು ಹಾಕಿ, ಸಕ್ಕರೆಯನ್ನು 1 ದೊಡ್ಡ ಚಮಚಕ್ಕೆ ಇಳಿಸಿ, ಒಂದು ಗಂಟೆ ಫ್ರಿಜ್ಜಿನಲ್ಲಿ ಇಟ್ಟು ತೆಗೆಯಿರಿ. ಅಚ್ಚು ಎರಡೂ ಬದಿ ಕಾದಿರಬೇಕು. ಬಾಲದವರೆಗೂ ಹೂರಣ ತುಂಬಬೇಕಾ, ಬಾಲ ಬರೀ ಗರಿಯಾಗಿ ಇರಬೇಕಾ ಅನ್ನುವುದು ಅಲ್ಲಿ ಮುಗಿಯದ ವಾದ. ನನಗೆ ಖಾಲಿ ಬಾಲ ಇಷ್ಟ. ಕೊನೆಗೆ ಕಟುಂ ಅಂತ ಒಂದು ತುಂಡು ಸಿಗುತ್ತದೆ.

ಯಾವಾಗ ತಿನ್ನುವುದು ಅನ್ನುವುದರಲ್ಲೂ ಇವು ಬೇರೆ. ತೈಯಾಕಿ, ಇಮಾಗಾವಾಯಾಕಿ ಬಿಸಿಯಾಗಿರುವಾಗಲೇ ಮುಗಿಸಬೇಕು, ತಣಿದರೆ ಜೋಲು ಮುಖ. ಸಂಜೆ ಮಳೆ ಬರುವಾಗ, ಮನೆಮಂದಿ ಎಲ್ಲ ಒಲೆಯ ಸುತ್ತ ನಿಂತಿರುವಾಗ ಅವೇ ಸರಿ. ಮಗುವಿನ ಸ್ಕೂಲ್ ಡಬ್ಬಿಗೆ, ಪ್ರಯಾಣಕ್ಕೆ, ಹುಟ್ಟುಹಬ್ಬಕ್ಕೆ ಹಿಂದಿನ ದಿನವೇ ಮಾಡಿಡಲು ದೊರಾಯಾಕಿ. ಅದು ಹೊರಗೆ ಒಂದು ದಿನ, ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಮಂಗಳೂರು, ಕಾರವಾರದ ಸೆಕೆಗೆ ಹೊರಗೆ ಇಡುವ ಧೈರ್ಯ ಬೇಡ. ಫ್ರೀಜರಿನಲ್ಲಿಟ್ಟರೆ ಸುಮಾರು ಒಂದು ತಿಂಗಳು ತಡೆಯುತ್ತದೆ.

ಮೊದಲ ಸಲ ಮಾಡುವವರು ಅಂಕೊವನ್ನು ಹಿಂದಿನ ರಾತ್ರಿಯೇ ಮಾಡಿಟ್ಟುಬಿಡಿ. ಬೆಳಿಗ್ಗೆ ಕೆಲಸ ಒಂದು ಗಂಟೆಯದು. 6 ದೊರಾಯಾಕಿಗೆ 200 ಗ್ರಾಂ ಅಂಕೊ ಹೋಗುತ್ತದೆ, ಇನ್ನೂ 300 ಗ್ರಾಂ ಡಬ್ಬಿಯಲ್ಲಿ ಉಳಿಯುತ್ತದೆ. ಅದಕ್ಕೂ ದಾರಿ ಇದೆ. ನಾಗೋಯಾದ ಕಾಫಿ ಅಂಗಡಿಗಳಲ್ಲಿ ಬೆಳಿಗ್ಗೆ ದಪ್ಪ ಬ್ರೆಡ್ ಸುಟ್ಟು, ಬೆಣ್ಣೆ ಹಚ್ಚಿ, ಮೇಲೆ ಅಂಕೊ ಸವರಿ ಕೊಡುತ್ತಾರೆ. 'ಓಗುರಾ ಟೋಸ್ಟ್' ಅನ್ನುತ್ತಾರೆ. ನಮ್ಮ ಬೇಕರಿಯ ಬ್ರೆಡ್ಡಿಗೆ, ಉಪ್ಪು ಬೆಣ್ಣೆಗೆ, ಸ್ಟ್ರಾಂಗ್ ಫಿಲ್ಟರ್ ಕಾಫಿಯ ಜೊತೆಗೆ ಅದು ಎರಡು ದಿನವೂ ಉಳಿಯುವುದಿಲ್ಲ.